ಕೊನೆಯ ಗದ್ದೆಯಿಂದ ಬರೆದ ಪಟ್ಟಿ

ನಮ್ಮ ಮನೆತನದಲ್ಲಿ ಬಿ.ಎ. ಮಾಡಿದವನು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅದಕ್ಕಾಗಿ ಅವ್ವ ಎರಡು ಎಮ್ಮೆ ಮಾರಿದ್ದಳು. ಅಷ್ಟು ಓದಿ ಮದ್ದೂರಿನ ನಾಲೆ ಕಚೇರಿಯಲ್ಲಿ ಹಂಗಾಮಿ ಗುಮಾಸ್ತನಾದೆ. ಯುದ್ಧದ ವರ್ಷಗಳೆಲ್ಲ ಹಂಗಾಮಿಯಾಗಿಯೇ ಕಳೆದವು.

ಆಗ ಕೊಪ್ಪದ ಕಡೆಯ ಒಂದು ಕಿರುಗಾಲುವೆಯಲ್ಲಿ ದಿನಾ ಜಗಳ. ನೀರಿನ ಸರದಿ ತೂಬಿನ ಹತ್ತಿರದ ಗದ್ದೆಯಿಂದ ಶುರುವಾಗುತ್ತಿತ್ತು. ಮೇಲಿನವರು ತಮ್ಮದು ತುಂಬಿದ ಮೇಲೂ ನೀರು ಬಿಟ್ಟುಕೊಡುತ್ತಿರಲಿಲ್ಲ. ಕೊನೆಯವರ ಪೈರು ಒಣಗುತ್ತಿತ್ತು. ಯಾರೂ ಹೇಳದಿದ್ದರೂ ನಾಲ್ಕು ಭಾನುವಾರ ಆ ಬದುಗಳ ಮೇಲೆ ನಡೆದೆ. ಯಾವ ಗದ್ದೆ ತುಂಬಲು ಎಷ್ಟು ಹೊತ್ತು ಬೇಕೆಂದು ನೋಡಿ, ಸರದಿಯ ಹೊಸ ಪಟ್ಟಿಯನ್ನು ಕೊನೆಯ ಗದ್ದೆಯಿಂದ ಮೇಲಕ್ಕೆ ಬರೆದೆ. ತಮ್ಮ ಸರದಿ ಬೇಗ ಬರಲೆಂದು ಮೇಲಿನವರೇ ಕೆಳಗಿನವರಿಗೆ ನೀರು ಹಾಯಿಸತೊಡಗಿದರು. ಜಗಳ ನಿಂತಿತು. ಪಟ್ಟಿಗೆ ರುಜು ಹಾಕಿದ್ದವರು ನಮ್ಮ ಕಚೇರಿಯ ಸಾಹೇಬರು, ಹೆಸರೂ ಅವರದೇ ಆಯಿತು. ಬಡ್ತಿ ಸಿಕ್ಕಿ ಮಂಡ್ಯಕ್ಕೆ ಹೋದರು. ಪಟ್ಟಿಯ ಕಡತವೂ ಅವರ ಹಿಂದೆಯೇ ಹೋಯಿತು.

ಮರುವರ್ಷ ಕಾಯಂ ಹುದ್ದೆಯ ಆರ್ಡರು ಬಂತು, ನನಗಿಂತ ಎರಡು ವರ್ಷ ಈಚೆಗೆ ಸೇರಿದವನಿಗೆ. ಸಿಟ್ಟು ಕೂಡ ಬರಲಿಲ್ಲ, ಅಷ್ಟು ದಣಿದಿದ್ದೆ. ಮಳವಳ್ಳಿಯಲ್ಲಿ ಮೇಷ್ಟರ ಕೆಲಸವೊಂದು ಖಾಲಿಯಿತ್ತು. ರಾಜೀನಾಮೆ ಬರೆಯಲೆಂದು ಕಾಗದ ಎಳೆದುಕೊಂಡೆ.

ಅಷ್ಟರಲ್ಲಿ ಕಚೇರಿಗೆ ಒಬ್ಬ ಮುದುಕಿ ಬಂದಳು. ಆ ಕಿರುಗಾಲುವೆಯ ಕೊನೆಯ ಗದ್ದೆ ಅವಳದು. ಬದುವಿನ ಮೇಲೆ ನನ್ನನ್ನು ನೋಡಿದ್ದವಳೇ, ಗುರುತು ಹಿಡಿಯಲಿಲ್ಲ.

“ಚಾವ್ಡಿ ಗ್ವಾಡೆಗೆ ಅಂಟ್ಸಿದ್ ನೀರಿನ್ ಪಟ್ಟಿನ ಗೆದ್ಲು ತಿಂದ್ಬುಡ್ತು ಕಣಪ್ಪ. ಇನ್ನೊಂದ್ ಬರ್ಕೊಡು.”

“ನಕಲು ಇಲ್ಲಿಲ್ಲ ಕಣಜ್ಜಿ. ಹೊಸದಾಗಿ ಮಾಡ್ಬೇಕು.”

“ವಸಾದ್ಯಾಕೆ? ಅದು ದೊಡ್ ಸಾಯೇಬ್ರು ಮಾಡಿದ್ದು. ನಿನ್ ಬುದ್ವಂತ್ಕೆ ಅದ್ರಲ್ಲಿ ಬ್ಯಾಡ. ನಾ ಏಳ್ತೀನಿ, ಬರ್ಕೊ.”

ಅಕ್ಷರ ಬಾರದ ಹೆಂಗಸು ಗೋಡೆಗೆ ಒರಗಿ ಕೂತು ಶುರುಮಾಡಿದಳು. “ಮೊದ್ಲು ನಮ್ದು, ಸೋಮಾರ ಒತ್ತುಟ್ಟಿದಾಗಿಂದ ನೆತ್ತಿ ಮ್ಯಾಕೆ ಬರಗಂಟ. ಆಮ್ಯಾಕೆ ಲಾಳ ಕಟ್ಟೋ ಸಾಬ್ರುದು, ಒತ್ತು ಮುಳುಗಗಂಟ…” ಹದಿನೆಂಟು ಗದ್ದೆ. ಒಂದೂ ತಪ್ಪಲಿಲ್ಲ. ಓದಿ ಹೇಳುವಾಗ ನಾನು ಬೇಕೆಂದೇ ಎರಡು ಗದ್ದೆ ಅದಲುಬದಲು ಮಾಡಿದೆ.

“ಏ, ಅಕ್ಷರ ಕಲ್ತಿದ್ದೀಯೋ ಇಲ್ವೋ? ಊರಲ್ಲಿ ತಿರ್ಗಾ ಜಗ್ಳ ಅಚ್ಬುಡ್ತೀಯಲ್ಲಪ್ಪ!” ಎಂದು ಗದರಿದಳು.

ಬಿಸಿಲಲ್ಲಿ ತಿರುಗಿ ನಾನು ಕೂಡಿಸಿದ್ದೆಲ್ಲ ಅವಳ ಬಾಯಲ್ಲಿತ್ತು. ‘ಅದು ನಾನು ಮಾಡಿದ್ದು ಕಣಜ್ಜಿ’ ಎನ್ನಬೇಕೆನಿಸಿತು, ಎನ್ನಲಿಲ್ಲ. ಸಾಹೇಬರದೆಂದು ನಂಬಿಯೇ ಮೇಲಿನ ಗದ್ದೆಯವರು ಅದಕ್ಕೆ ಬಗ್ಗಿದ್ದರು. ಹಂಗಾಮಿ ಗುಮಾಸ್ತನದೆಂದು ಗೊತ್ತಾದರೆ ಮುದುಕಿಯ ಸೋಮವಾರ ಉಳಿಯುತ್ತಿತ್ತೇ? ಆದರೂ ಎದೆಯೊಳಗೆ ಏನೋ ತಣ್ಣಗಾಯಿತು. ತಪ್ಪು ತಿದ್ದಿ ಓದಿ, ಈಗಿನ ಸಾಹೇಬರ ರುಜು ಹಾಕಿಸಿಕೊಟ್ಟೆ.

ಪಟ್ಟಿ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದಳು: “ಇದ್ನೂ ಗೆದ್ಲು ತಿಂದ್ರೆ ಎಂಗೆ? ನೀನ್ ಇಲ್ಲೇ ಇರ್ತೀಯೋ, ದೊಡ್ ಸಾಯೇಬ್ರಂಗೆ ವಂಟೋಯ್ತೀಯೋ?”

ರಾಜೀನಾಮೆಗೆಂದು ಎಳೆದುಕೊಂಡಿದ್ದ ಕಾಗದವನ್ನು ಮೇಜಿನ ಖಾನೆಗೆ ಹಾಕಿದೆ.

“ಇರ್ತೀನಿ.”

“ಇರು ಮತ್ತೆ. ತಪ್ಪಿಲ್ದೆ ಬರ್ಯೋದ್ ಕಲ್ತ್ಕೊ,” ಎಂದು ಹೊರಟುಹೋದಳು.

ಇನ್ನೂ ಮೂರು ವರ್ಷ ಹಂಗಾಮಿಯಾಗಿಯೇ ಇದ್ದೆ. ಆ ಮೂರು ವರ್ಷದಲ್ಲಿ ಮತ್ತೆರಡು ಕಾಲುವೆಗಳ ಬದು ನಡೆದೆ. ಆ ಪಟ್ಟಿಗಳ ಮೇಲೂ ರುಜು ಬೇರೆಯವರದೇ.