ಒಂದು ಫೋನಿಗೆ ಒಂದೇ ಸಲ

‘ಆ ಕಾಲದಲ್ಲಿ’ ಎಂದು ಮಾತು ಶುರು ಮಾಡಲು ನನಗೇನೂ ಹಲ್ಲು ಉದುರಿಲ್ಲ. ಕಡೂರಿನಲ್ಲಿ ಇನ್ನೂ ಡಿಗ್ರಿ ಓದುತ್ತಿದ್ದೇನೆ. ಆದರೂ ಶಾಲೆಗೆ ಬೀಗ ಬಿದ್ದು, ಪಾಠವೆಲ್ಲ ಫೋನಿನೊಳಗೆ ಸೇರಿಕೊಂಡಿದ್ದ ಆ ಎಂಟನೇ ಕ್ಲಾಸಿನ ಚಳಿಗಾಲ ಈಗ ಬಲು ದೂರದ್ದೆನಿಸುತ್ತದೆ. ನಿಮ್ಮಲ್ಲೂ ಎಷ್ಟೋ ಮಂದಿ ಮರ ಹತ್ತಿ, ಕೆರೆ ಏರಿ ಹತ್ತಿ ಟವರ್ ಹುಡುಕಿರುತ್ತೀರಿ. ನಾನು ಹತ್ತಿದ್ದು ಅಜ್ಜಂಪುರದ ನಮ್ಮ ಬೀದಿಯಲ್ಲೇ ಇದ್ದ ಹಾಸಿಗೆ ನಜೀರ್ ಸಾಬರ ತಾರಸಿಯನ್ನು.

ನಮ್ಮ ಮನೆಯಲ್ಲಿದ್ದದ್ದು ಒಂದೇ ಫೋನು. ಅಪ್ಪ ಲಗೇಜ್ ಆಟೋದಲ್ಲಿ ಈರುಳ್ಳಿ ಹೇರಿಕೊಂಡು ತರೀಕೆರೆಗೆ ಹೊರಟರೆ ಫೋನೂ ಅಪ್ಪನ ಜೇಬಿನಲ್ಲೇ ಹೋಗುತ್ತಿತ್ತು. ನಜೀರ್ ಸಾಬರ ಮಗಳು ನಸ್ರೀನ್ ನನ್ನ ಬೆಂಚಿನವಳು. ಹಾಸಿಗೆ ಹೊಲಿಸುವವರು ಯಾರೂ ಇಲ್ಲದೆ ಅವರ ಅಂಗಡಿ ಮುಚ್ಚಿದ್ದರಿಂದ ಫೋನು ಮನೆಯಲ್ಲೇ ಇರುತ್ತಿತ್ತು. ಒಂದು ಬೆಳಿಗ್ಗೆ ಅವಳೇ ಬಂದು, “ಬಾರೇ ಗಿರಿಜಾ, ಇಬ್ರೂ ಒಂದ್ರಲ್ಲೇ ಕೇಳಣ” ಎಂದು ಕರೆದುಕೊಂಡು ಹೋದಳು.

ತಾರಸಿಯ ಮೇಲೆ ಹಳೇ ಹಾಸಿಗೆಗಳ ಹತ್ತಿಯನ್ನು ಬಿಸಿಲಿಗೆ ಹರವಿರುತ್ತಿದ್ದರು. ಅದರ ಮುಗ್ಗಲು ವಾಸನೆಗೆ ಇಬ್ಬರೂ ಸೀನುತ್ತಿದ್ದೆವು. ದಿಂಬಿಗೆ ಫೋನು ಒರಗಿಸಿ, ಮಡಿಲಲ್ಲಿ ಮಂಡಕ್ಕಿ ಇಟ್ಟುಕೊಂಡು, ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದೆವು. ನೆಟ್ ಬಂದರೆ ಬೀಜಗಣಿತ, ಹೋದರೆ ಚೌಕಾಬಾರ. ಫೋನು ಅಂಗಡಿಯದಾದ್ದರಿಂದ ಕ್ಲಾಸಿನಲ್ಲಿ ನಮ್ಮ ಹೆಸರು ‘ಹಾಸಿಗೆ ದಿಂಬು’ ಎಂದೇ ಬರುತ್ತಿತ್ತು. ಗಣಿತದ ಮೇಷ್ಟ್ರು ಮೊದಲ ದಿನವೇ, “ಯಾರಪ್ಪ ಅದು ಹಾಸಿಗೆ ದಿಂಬು? ಕ್ಲಾಸಲ್ಲೇ ಮಲ್ಕೊಂಡ್ಬಿಟ್ಯಾ?” ಎಂದರು. ಅವತ್ತು ನಾವು ನಕ್ಕ ನಗುವಿಗೆ ಅವಳ ಅಮ್ಮಿ ಮೆಟ್ಟಿಲು ಹತ್ತಿ ಬಂದು ನೋಡಿ ಹೋದರು.

ಮಾರನೇ ದಿನ ನಸ್ರೀನ್ ಅಲ್ಲಿ ತನ್ನ ಹೆಸರು ಹಾಕಿಕೊಂಡಳು. ಅವಳ ಫೋನು, ಅವಳ ಹೆಸರು, ತಪ್ಪೇನಿಲ್ಲ. ಆದರೆ ಕ್ಲಾಸಿಗೆ ಮೊದಲಿನಿಂದಲೂ ಫಸ್ಟ್ ಬರುತ್ತಿದ್ದವಳು ನಾನು. ಉತ್ತರ ನಾನು ಹೇಳುವುದು, ಅವಳು ಟೈಪ್ ಮಾಡುವುದು, ಮೇಷ್ಟ್ರು “ನಸ್ರೀನ್, ಜಾಣೆ ಆಗ್ಬಿಟ್ಟೆ ಕಣಮ್ಮ” ಅನ್ನುವುದು. “ಸಾರ್, ಗಿರಿಜಾನೂ ಇಲ್ಲೇ ಅವ್ಳೆ” ಎಂದು ಅವಳು ಪ್ರತಿಸಲ ಹೇಳುತ್ತಿದ್ದಳು. ಅಷ್ಟರಲ್ಲಿ ಮೇಷ್ಟ್ರು ಮುಂದಿನ ಲೆಕ್ಕಕ್ಕೆ ಹೋಗಿರುತ್ತಿದ್ದರು.

ಇಷ್ಟನ್ನಾದರೂ ನಾನು ಸಹಿಸಿಕೊಳ್ಳುತ್ತಿದ್ದೆನೋ ಏನೋ. ನನ್ನ ಹೊಟ್ಟೆ ಉರಿದದ್ದು ತ್ರಿಭುಜದ ದಿನ. ಮೂರೂ ಕೋನ ಸೇರಿದರೆ ಎಷ್ಟು ಎಂದು ಮೇಷ್ಟ್ರು ಕೇಳಿದರು. ನೂರ ಎಂಬತ್ತು ಎಂದೆ. “ಯಾಕೆ?” ಎಂದರು. ಪುಸ್ತಕದಲ್ಲಿ ಹಾಗೇ ಇದೆ ಎಂದು ಹೇಳುವುದು ಹೇಗೆ? ನಸ್ರೀನ್ ನೋಟ್‌ಬುಕ್ಕಿನ ಹಾಳೆಯಿಂದ ಒಂದು ತ್ರಿಭುಜ ಹರಿದಳು. ಅದರ ಮೂರು ಮೂಲೆಗಳನ್ನೂ ಕಿತ್ತು, ಚೂಪು ತುದಿಗಳನ್ನು ಒಂದೇ ಕಡೆ ಕೂಡಿಸಿದಳು. ಕೆಳಗೆ ನೆಟ್ಟಗೆ ಒಂದು ಗೆರೆಯಾಯಿತು. ಕ್ಯಾಮೆರಾ ಮುಂದೆ ಹಿಡಿದಳು. “ಭೇಷ್. ಎಲ್ಲಾರೂ ನೋಡ್ರೋ” ಎಂದರು ಮೇಷ್ಟ್ರು.

“ಎಲ್ಲಿ ಕಲ್ತೆ?” ಎಂದು ಕೇಳಿದೆ.

“ಸಂಜೆ ವಿಡಿಯೋ ನೋಡ್ತೀನಲ್ಲ, ಅದ್ರಲ್ಲಿ ಬಂತು ಕಣೇ.”

ಸಂಜೆ. ನಾನು ಮನೆಗೆ ಹೋಗಿ ಮುಸುರೆ ತಿಕ್ಕುವಾಗ ಅವಳಿಗೆ ಎರಡು ಗಂಟೆ ಫೋನು ಸಿಗುತ್ತಿತ್ತು. ಆ ಎರಡು ಗಂಟೆಯಲ್ಲಿ ಯಾರ್ಯಾರೋ ಮೇಷ್ಟ್ರುಗಳು ಬಂದು ಅವಳೊಬ್ಬಳಿಗೇ ಪಾಠ ಹೇಳಿ ಹೋಗುತ್ತಿದ್ದರು. ಅವಳು ಜ್ವಾಲಾಮುಖಿಯ ಒಳಗನ್ನು ನೋಡಿದ್ದಳು, ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡುತ್ತಿದ್ದಳು. ನಾನು ಪುಸ್ತಕವನ್ನು ಬಾಯಿಪಾಠ ಮಾಡಿ ಮಾಡಿ ಅದರ ಬೈಂಡು ಕಿತ್ತುಹೋಗಿತ್ತು. ಅವಳ ಬಳೆ, ಬಟ್ಟೆ, ಈದ್ ದಿನದ ಸುರಕುಂಬ ಪಾಯಸ ಯಾವುದಕ್ಕೂ ನಾನು ಆಸೆಪಟ್ಟವಳಲ್ಲ. ಆ ಎರಡು ಗಂಟೆಗೆ ಮಾತ್ರ ಹೊಟ್ಟೆಕಿಚ್ಚು ಪಟ್ಟೆ, ಅನ್ನ ಸೇರದಷ್ಟು.

ಸಂಕ್ರಾಂತಿ ಕಳೆದ ಮೇಲೆ ಒಂದು ಟೆಸ್ಟ್ ಬಂತು. ಅದರಲ್ಲಿ ಆಯ್ಕೆಯಾದವರಿಗೆ ಸ್ಕಾಲರ್‌ಶಿಪ್ ಪರೀಕ್ಷೆಗೆಂದು ಸಂಜೆ ಹೊತ್ತು ಬೇರೆ ಕ್ಲಾಸು. ಟೆಸ್ಟಿನ ದಿನ ಬೆಳಿಗ್ಗೆ ನಸ್ರೀನ್ ಹತ್ತಿ ಮಗುಚಿ ಹಾಕುತ್ತಿದ್ದಾಗ ಫೋನು ನನ್ನ ಕೈಯಲ್ಲಿತ್ತು. ಗ್ರೂಪಿನಲ್ಲಿ ಮೇಷ್ಟ್ರ ಮೆಸೇಜು: ‘ಒಂದು ಫೋನಿಗೆ ಒಂದೇ ಸಲ. ಇಬ್ಬರು ಬರೆಯುವವರಿದ್ದರೆ ಹತ್ತು ಗಂಟೆಯೊಳಗೆ ತಿಳಿಸಿ, ಇನ್ನೊಬ್ಬರಿಗೆ ಬೇರೆ ಲಿಂಕ್ ಕಳಿಸುತ್ತೇನೆ.’ ಎರಡು ಸಲ ಓದಿದೆ. ಅವಳಿಗೆ ಹೇಳಬೇಕೆಂದು ಬಾಯಿ ತೆರೆದೆ ಕೂಡ. ಅವಳು ಹತ್ತಿ ಬಡಿಯುತ್ತಾ ಇಂಗ್ಲಿಷಿನಲ್ಲಿ ಏನೋ ಗುನುಗುತ್ತಿದ್ದಳು. ಹೇಳದೆ ಫೋನನ್ನು ದಿಂಬಿಗೆ ಒರಗಿಸಿಟ್ಟೆ.

“ನೀನೇ ಮೊದ್ಲು ಬರಿಯೇ, ನಿಂದು ಬೇಗ ಆಯ್ತದೆ” ಎಂದು ಅವಳೇ ಫೋನು ಕೊಟ್ಟಳು. ಬರೆದೆ, ಒತ್ತಿದೆ, ಹೋಯಿತು. ಅವಳ ಸರದಿ ಬಂದಾಗ ಫಾರಂ ತೆರೆಯಲೇ ಇಲ್ಲ. ಅವಳು ತಾರಸಿಯ ನಾಲ್ಕೂ ಮೂಲೆಗೆ ಹೋಗಿ ಕೈ ಎತ್ತಿ ಹಿಡಿದಳು, ನೀರಿನ ಟ್ಯಾಂಕ್ ಹತ್ತಿ ನಿಂತಳು, ಆಫ್ ಮಾಡಿ ಆನ್ ಮಾಡಿದಳು. ಹೊತ್ತು ಮುಗಿಯಿತು.

“ಹಾಳಾದ್ ನೆಟ್ಟು ಕಣೇ” ಎಂದಳು. ಕಣ್ಣಲ್ಲಿ ನೀರಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ನಾನು ಅವಳಿಗಿಂತ ಜೋರಾಗಿ ನೆಟ್ಟಿಗೆ ಬೈದೆ.

ನಾನು ಆಯ್ಕೆಯಾದೆ. ಆದರೆ ಸಂಜೆ ಕ್ಲಾಸು ಬರುತ್ತಿದ್ದದ್ದೂ ಅವಳ ಫೋನಿಗೇ. ಐದು ಗಂಟೆಗೆ ತಾರಸಿಯಿಂದ, “ಗಿರಿಜಾ, ನಿನ್ ಕ್ಲಾಸು ಬಂತು ಬಾರೇ” ಎಂದು ಕೂಗಿ ಕರೆದು, ಫೋನು ನನ್ನ ಕೈಗಿಟ್ಟು, ತಾನು ಆಚೆ ಮೂಲೆಗೆ ಹೋಗಿ ದಿಂಬಿನ ಚೀಲ ಹೊಲಿಯುತ್ತಾ ಕೂರುತ್ತಿದ್ದಳು. ಅಲ್ಲಿ ಬೆಳಕು ಚೆನ್ನಾಗಿದೆ ಎಂದು ನಾನು ಅಂದುಕೊಂಡೆ. ನಾನು ಆಸೆಪಟ್ಟ ಆ ಎರಡು ಗಂಟೆ ಪೂರ್ತಿ ನನ್ನದಾಯಿತು. ಸ್ಕಾಲರ್‌ಶಿಪ್ಪೂ ಬಂತು.

ಹೋದ ತಿಂಗಳು ಊರಿಗೆ ಹೋದಾಗ ನಸ್ರೀನ್ ಅಂಗಡಿಯಲ್ಲಿದ್ದಳು. ಈಗ ಫೋನಿನಲ್ಲಿ ಬರುವ ಆರ್ಡರೆಲ್ಲ ನೋಡಿಕೊಳ್ಳುವವಳು ಅವಳೇ. ಜೊತೆಗೆ ಮನೆಯಲ್ಲೇ ಕೂತು ಬಿ.ಕಾಂ. ಓದುತ್ತಾಳೆ. ಚಹಾ ತರಿಸಿದಳು. ಇಷ್ಟು ವರ್ಷ ಗಂಟಲಲ್ಲಿದ್ದದ್ದನ್ನು ಹೇಳಿಬಿಟ್ಟೆ.

“ಅವತ್ತು ನೆಟ್ ಹೋಗಿರ್ಲಿಲ್ಲ ಕಣೇ.”

“ಗೊತ್ತು” ಎಂದಳು, ಬಿಲ್ ಬರೆಯುವುದನ್ನು ನಿಲ್ಲಿಸದೆ. “ಆ ಮೆಸೇಜು ಅವತ್ತು ಸಂಜೇನೇ ಓದ್ದೆ.”

“ಮತ್ತೆ ದಿನಾ ಕರ್ದು ಫೋನ್ ಕೊಡ್ತಿದ್ಯಲ್ಲೇ?”

“ಒಬ್ರಾದ್ರೂ ಓದ್ಲಿ ಅಂತ ಕೊಟ್ಟೆ. ನಿನ್ ಪಕ್ಕ ಕೂರಕ್ ಮಾತ್ರ ಆಗ್ಲಿಲ್ಲ.”

ಚಹಾ ಕುಡಿದು ಬಸ್ ಹತ್ತಿದೆ. ಈಗ ನನ್ನದೇ ಫೋನಿದೆ, ಮುಗಿಯದಷ್ಟು ನೆಟ್ ಇದೆ, ಪರದೆಯ ಮೇಲೆ ಬರುವುದೂ ನನ್ನದೇ ಹೆಸರು. ಯಾವ ಪಾಠ ಬೇಕಾದರೂ ಯಾವ ಹೊತ್ತಿಗೆ ಬೇಕಾದರೂ ಕೇಳಬಹುದು. ನಾನು ಉತ್ತರ ಹೇಳಿದಾಗ, ‘ಗಿರಿಜಾನೂ ಇಲ್ಲೇ ಅವ್ಳೆ’ ಎನ್ನುವವರು ಮಾತ್ರ ಯಾರೂ ಇಲ್ಲ.