ಟೈಲರಮ್ಮನ ಮುಖ

ರಸ್ತೆ ಅಗಲ ಮಾಡಲು ಕಡಿದ ಮರಗಳ ಐದು ದಿಮ್ಮಿಗಳಲ್ಲಿ ಬೀದಿಯ ಹಳೇ ಕಸುಬುದಾರರನ್ನು ಕೆತ್ತಿಸಿ ನಿಲ್ಲಿಸೋಣ ಎಂದು ಬೀದಿಯವರೆಲ್ಲ ಸೇರಿ ತೀರ್ಮಾನಿಸಿದಾಗ, ಕೆತ್ತುವವರು ಯಾರೆಂದು ಯಾರೂ ಕೇಳಲೇ ಇಲ್ಲ. ಬಡಗಿ ಇದ್ದಾನಲ್ಲ! ಅಲ್ಲಿನ ಬಾಗಿಲು, ಮಂಚ, ತೊಟ್ಟಿಲು ಎಲ್ಲಕ್ಕೂ ಅವನದೇ ಕೈ.

ಕ್ಷೌರದವನು, ಹಾಲಿನವನು, ಬೀಗ ರಿಪೇರಿಯವನು, ಅಂಚೆಯವನು, ನಾಲ್ವರ ಕೆತ್ತನೆಯೂ ಒಂದೇ ಉಸಿರಿಗೆ ಮುಗಿಯಿತು. ಮರದಲ್ಲಿ ಮೂಡಿದ ಹಾಲಿನವನ ಸೊಟ್ಟ ಮೂಗು ನೋಡಿ ಅವನ ಹೆಂಡತಿಯೇ ಬಿದ್ದು ಬಿದ್ದು ನಕ್ಕಳು.

ಐದನೆಯದು ಟೈಲರಮ್ಮ. ಬೀದಿಯ ಮಕ್ಕಳಿಗೆಲ್ಲ ಯೂನಿಫಾರಂ ಹೊಲಿದವಳು, ಬಡಗಿಯ ಹೆಂಡತಿ. ತೀರಿಕೊಂಡು ಎರಡು ವರ್ಷ. ಮನಸಾರೆ ಕೆತ್ತಬೇಕೆಂದೇ ಅವಳನ್ನು ಕೊನೆಗೆ ಉಳಿಸಿಕೊಂಡಿದ್ದ. ಮನೆಯಲ್ಲಿದ್ದದ್ದು ಮದುವೆಯ ಫೋಟೋ ಒಂದೇ, ಅದರಲ್ಲಿ ಹತ್ತೊಂಬತ್ತರ ಹುಡುಗಿ. ಭಾನುವಾರ ನಿಲ್ಲಿಸಬೇಕು. ಗುರುವಾರ ಮಗಳು ಬಂದು ನೋಡಿದಳು.

"ಅಪ್ಪಾ, ಯಾರಿದು?"

"ಯಾರು ಅಂದ್ರೆ? ನಿಮ್ಮಮ್ಮ ಕಣೇ."

"ದೊಡ್ಡಮ್ಮನ ಥರ ಇದೆಯಪ್ಪ. ಅಮ್ಮನ ಗಲ್ಲ ಹೀಗಿತ್ತಾ?"

"ಹೇಗಿತ್ತು, ನೀನೇ ಹೇಳು."

ಅವಳು ಹೇಳಿದಳು, ಅವನು ತಿದ್ದಿದ. ಇನ್ನೂ ಕೆಟ್ಟಿತು.

"ಮೂವತ್ತು ವರ್ಷ ಸಂಸಾರ ಮಾಡ್ದೆ ಮಾರಾಯ, ಒಂದ್ಸಲನಾದ್ರೂ ಮುಖ ನೋಡಿದ್ಯೋ ಇಲ್ವೋ?" ಎಂದ ನೋಡಲು ಬಂದಿದ್ದ ಕ್ಷೌರದವನು, ಬರೀ ತಮಾಷೆಗೆ.

ಬಡಗಿ ಉಳಿ ಕೆಳಗಿಟ್ಟ. ಒಳಗೆ ಹೋಗಿ ತನ್ನ ಕೆಲಸದ ಮೇಜಿನ ಹಿಂದೆ ಕೂತ. ಎದುರಿಗೆ ಕಿಟಕಿ, ಕಿಟಕಿಯ ಬಳಿ ಅವಳ ಮಿಷನ್ನು. ಬೆಳಕಿಗಾಗಿ ಅವಳು ಆ ಕಡೆಗೇ ಮುಖ ಮಾಡಿ ಕೂರುತ್ತಿದ್ದಳು. "ಊಟಕ್ಕೆ ಏಳ್ರೀ" ಎನ್ನುತ್ತಿದ್ದಳು ಅವಳು ತಿರುಗದೆಯೇ, ಇವನು "ಹ್ಞೂಂ" ಎನ್ನುತ್ತಿದ್ದ ತಲೆ ಎತ್ತದೆಯೇ. ಎಂದೋ ಇವನು ಎತ್ತಿದರೆ ಕಂಡದ್ದು ಅವಳ ಬೆನ್ನು. ಕತ್ತಿಗೆ ಇಳಿಬಿಟ್ಟ ಟೇಪು, ಸಡಿಲ ತುರುಬು, ಒಂದಿಷ್ಟು ತಗ್ಗಿದ ಬಲ ಭುಜ. ಅದು ಮಾತ್ರ ಕಣ್ಣಿಗೆ ಕಟ್ಟಿದಂತಿತ್ತು!

ಕೆಟ್ಟ ಮುಖವನ್ನು ಉಳಿಯಿಂದ ಹೆರೆದು ಹಾಕಿ ದಿಮ್ಮಿಯನ್ನು ತಿರುಗಿಸಿದ. ಎರಡು ದಿನ ಕೈ ಎಲ್ಲೂ ತಡೆಯಲಿಲ್ಲ.

ಭಾನುವಾರ ದಿಮ್ಮಿ ನಿಂತಾಗ ಬೀದಿಯ ಆ ತುದಿಯಿಂದಲೇ ಹೆಂಗಸರು "ಅಯ್ಯೋ, ಟೈಲರಮ್ಮ!" ಎಂದು ಓಡಿ ಬಂದರು. ಮಗಳು ಆ ಬೆನ್ನಿಗೆ ಕೆನ್ನೆ ಒತ್ತಿ ಅತ್ತಳು. ಮುಖ ಎಲ್ಲಿ ಎಂದು ಯಾರೂ ಕೇಳಲಿಲ್ಲ.

ಎಲ್ಲರೂ ಮನೆಗೆ ಹೋದರು. ಬಡಗಿ ಮಾತ್ರ ಮೇಜಿನಿಂದ ಮಿಷನ್ನಿಗೆ ಎಷ್ಟು ದೂರವಿತ್ತೋ ಅಷ್ಟೇ ಹಿಂದೆ ಸರಿದು ನಿಂತ.

"ಹೊಲಿದಿದ್ದು ಸಾಕು ಕಣೇ" ಎಂದ ಮೆಲ್ಲಗೆ. "ಒಂದ್ಸಲ ಈ ಕಡೆ ತಿರುಗು."