ನಮ್ಮ ದಿನ ಒಪ್ಪದ ಬೋರ್ಡು

1993ರಲ್ಲಿ, ಎಂಟನೇ ತರಗತಿಯ ನಡುವೆ, ನನ್ನ ಓದು ನಿಂತಿತು. ಅದಕ್ಕೆ ಮರುಗುವವನು ನಾನಲ್ಲ. ಕಡೂರಿನಲ್ಲಿ ಮೋಟಾರ್ ವೈಂಡಿಂಗ್ ಕಲಿತೆ, ಅಜ್ಜಂಪುರದಲ್ಲಿ ಸ್ವಂತ ಅಂಗಡಿ ಹಾಕಿದೆ, ಮೂವತ್ತೈದು ದಾಟಿದ ಮೇಲೆ ಪ್ರೋಗ್ರಾಂ ಬರೆಯುವುದನ್ನೂ ಕಲಿತೆ. ತಮ್ಮ ಕೋಡನ್ನು ತೆರೆದಿಟ್ಟು, ‘ಓದಿ, ತಿದ್ದಿ, ಹಂಚಿ’ ಎಂದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದನ್ನು ಓದಿಯೇ ಕಲಿತದ್ದು. ಸ್ವತಂತ್ರ ತಂತ್ರಾಂಶ ಎಂದರೆ ಅದು.

2023ರಲ್ಲಿ ನಾನು ಒಂದು ಪಂಪ್ ಕಂಟ್ರೋಲರ್ ಕಂಪನಿಯ ಸರ್ವಿಸ್ ಏಜೆಂಟ್ ಆಗಿದ್ದೆ. ಅಂಗಡಿಯ ಅರ್ಧ ಸಂಪಾದನೆ ಅದರಿಂದಲೇ. ಕಂಪನಿಯ ಪೆಟ್ಟಿಗೆಯೊಳಗೆ ಅಂಗೈಯಗಲದ ಅಗ್ಗದ ಕಂಪ್ಯೂಟರ್ ಬೋರ್ಡು, ಒಂದು ಸಿಮ್. ತ್ರೀ ಫೇಸ್ ಕರೆಂಟ್ ಯಾವ ಹೊತ್ತಿಗೆ ಬಂದರೂ ಅದೇ ಮೋಟಾರ್ ಚಾಲೂ ಮಾಡಿ, ಯಾರ ಪಾಳಿಯೋ ಅವರ ಹೊಲದ ವಾಲ್ವ್ ತೆರೆಯುತ್ತಿತ್ತು.

ತರೀಕೆರೆ ರಸ್ತೆಯ ಬಸಣ್ಣ, ರುದ್ರಪ್ಪ ಅಣ್ಣತಮ್ಮಂದಿರ ಮಕ್ಕಳು. ಇಬ್ಬರ ಈರುಳ್ಳಿಗೂ ಒಂದೇ ಬೋರ್‌ವೆಲ್, ದಿನ ಬಿಟ್ಟು ದಿನ ಪಾಳಿ. ಅಲ್ಲಿ ಪೆಟ್ಟಿಗೆ ಕೂರಿಸಿದವನು ನಾನೇ. ಒಂದು ಬೆಳಿಗ್ಗೆ ಫೋನ್ ಬಂತೆಂದು ಹೋದರೆ, ಇಬ್ಬರೂ ಪಂಪ್ ಮನೆಯ ಮುಂದೆ ಕೈ ಮಿಲಾಯಿಸುವುದೊಂದೇ ಬಾಕಿ.

“ನನ್ ಪಾಳಿ ನೀರು ಕದ್ಬಿಟ್ಟೆ ಕಣೋ! ರಾತ್ರಿ ನೀರು ಬರ್ತದೆ ಅಂತ ಸಂಜೆ ಗೊಬ್ಬರ ಎರಚಿದ್ದೆ. ಗರಿ ಸುಟ್ಟೋದ್ರೆ ನೀನ್ ಕೊಡ್ತೀಯಾ?” ಎಂದ ರುದ್ರಪ್ಪ.

“ಲೇ, ನಾನ್ ನಿದ್ದೆ ಮಾಡ್ತಿದ್ದೆ. ಕದ್ದಿದ್ರೆ ಆ ಡಬ್ಬ ಕದ್ದದೆ. ಎತ್ಕೊಂಡೋಗಿ ಸ್ಟೇಷನ್ನಿಗೆ ಹಾಕು!” ಎಂದ ಬಸಣ್ಣ.

ಬಸಣ್ಣ ಹೇಳಿದ್ದು ಸರಿಯಾಗಿತ್ತು. ಇಲ್ಲಿ ಪಾಳಿ ಬದಲಾಗುವುದು ಹೊತ್ತು ಹುಟ್ಟಿದ ಮೇಲೆ. ಸೋಮವಾರದವನಿಗೆ ಸೋಮವಾರದ ರಾತ್ರಿಯೂ ಪೂರ್ತಿ ಸೇರಿದ್ದು. ತಾತಂದಿರ ಕಾಲದಿಂದ ಹಾಗೆ ನಡೆದಿದೆ. ಇದನ್ನೂ ಬಾಯಿಬಿಟ್ಟು ಹೇಳಬೇಕೆಂದು ನಮ್ಮಲ್ಲಿ ಒಬ್ಬರಿಗೂ ತೋಚಿರಲಿಲ್ಲ. ಪೆಟ್ಟಿಗೆಯ ದಿನ ಮಾತ್ರ ಮಧ್ಯರಾತ್ರಿಗೆ ಬದಲಾಗುತ್ತಿತ್ತು. ಕರೆಂಟ್ ಹಗಲು ಬರುತ್ತಿದ್ದಷ್ಟು ದಿನ ಯಾರಿಗೂ ತಿಳಿಯಲಿಲ್ಲ. ಆ ವಾರ ಅದು ಮಧ್ಯರಾತ್ರಿಯ ಆಚೆಗೆ ಸರಿದಿತ್ತು. ಗೊಬ್ಬರ ಒಬ್ಬನ ಹೊಲದಲ್ಲಿ, ನೀರು ಇನ್ನೊಬ್ಬನ ಹೊಲದಲ್ಲಿ.

ಕಂಪನಿಯ ಎಂಜಿನಿಯರ್‌ಗೆ ಫೋನ್ ಮಾಡಿದೆ. “ಒಟ್ಟು ನೀರು ಇಬ್ಬರಿಗೂ ಸಮ ಹೋಗ್ತಿದೆಯಲ್ಲಣ್ಣಾ? ಅವರೇ ಮಧ್ಯರಾತ್ರಿ ಲೆಕ್ಕಕ್ಕೆ ಹೊಂದ್ಕೊಳ್ಳಲಿ,” ಎಂದರು ಆಕೆ.

“ಕೋಡ್ ಕೊಡಿ ಮೇಡಂ. ಒಂದು ಸಾಲು, ನಾನೇ ತಿದ್ತೀನಿ.”

“ಆ ಕೋಡ್ ನನಗೇ ಕೊಟ್ಟಿಲ್ಲ ಅಣ್ಣಾ.”

ಪೆಟ್ಟಿಗೆಯ ಗಡಿಯಾರವನ್ನೇ ಆರು ಗಂಟೆ ಹಿಂದಕ್ಕಿಟ್ಟೆ. ಸಿಮ್ ಮೂಲಕ ಕಂಪನಿಯನ್ನು ಕೇಳಿ ಅದು ತಾನೇ ಸರಿಮಾಡಿಕೊಂಡಿತು. ನನ್ನದೇ ಪ್ರೋಗ್ರಾಂ ಇದ್ದ ಮೆಮೊರಿ ಕಾರ್ಡ್ ಹಾಕಿದೆ. ಬೋರ್ಡು ಏಳಲೇ ಇಲ್ಲ. ಕರೆಂಟ್ ತಾಗಿದೊಡನೆ ಬೋರ್ಡಿನಲ್ಲಿ ಮೊದಲು ಏಳುವ ಪ್ರೋಗ್ರಾಂಗೆ ಫರ್ಮ್‌ವೇರ್ ಎನ್ನುತ್ತಾರೆ. ಕಂಪನಿಯ ಡಿಜಿಟಲ್ ಸಹಿ ಇಲ್ಲದ ಯಾವುದನ್ನೂ ಅದು ಒಳಗೆ ಬಿಡುತ್ತಿರಲಿಲ್ಲ.

“ಮಧ್ಯರಾತ್ರಿ ಲೆಕ್ಕಕ್ಕೆ ಬರ್ತೀರಾ?” ಎಂದು ಇಬ್ಬರನ್ನೂ ಕೇಳಿದೆ. ಉತ್ತರ ಕೊಟ್ಟವರು ರುದ್ರಪ್ಪನ ತಾಯಿ ಗಂಗಮ್ಮ.

“ಡಬ್ಬ ಹೇಳ್ತು ಅಂತ ನಾವು ದಿನ ಬದಲಾಯಿಸ್ಬೇಕೇನಪ್ಪಾ? ಇದು ಬರೋಕ್ ಮುಂಚೆ ಇವರಿಬ್ರೂ ಒಂದೇ ಬುತ್ತೀಲಿ ಉಣ್ತಿದ್ರು. ಕೈಲಾದ್ರೆ ಸರಿ ಮಾಡು, ಇಲ್ದಿದ್ರೆ ಕಿತ್ಕೊಂಡೋಗು.”

ಮತ್ತೆ ಫೋನ್ ಮಾಡಿ, ಕಂಪನಿಯ ಬೋರ್ಡು ತೆಗೆಯುತ್ತೇನೆ ಎಂದೆ. “ವಾರಂಟಿ ಹೋಗುತ್ತೆ ಅಣ್ಣಾ. ನಿಮ್ಮ ಏಜೆನ್ಸಿನೂ ಉಳಿಯಲ್ಲ,” ಎಂದರು ಆಕೆ, ನಿಜವಾದ ಕಾಳಜಿಯಿಂದಲೇ.

“ಹೋಗ್ಲಿ ಬಿಡಮ್ಮ. ಬೋರು ಇವರದು, ಹೊಲ ಇವರದು, ದುಡ್ಡು ಕೊಟ್ಟು ತಗೊಂಡ ಡಬ್ಬನೂ ಇವರದು. ಬೀಗದ ಕೈ ಮಾತ್ರ ನಿಮ್ಮತ್ರ. ಇದ್ಯಾವ ನ್ಯಾಯ?”

ಅಂಗಡಿಯಿಂದ ನನ್ನ ಬೋರ್ಡು ತಂದು ಕೂರಿಸಿ, ಪಾಳಿಯ ಸಾಲನ್ನು ಹೊತ್ತು ಹುಟ್ಟುವ ಲೆಕ್ಕಕ್ಕೆ ಬರೆದೆ. ಅಂದಿನ ಪಾಳಿಯನ್ನು ಬಸಣ್ಣನೇ ರುದ್ರಪ್ಪನಿಗೆ ಬಿಟ್ಟುಕೊಟ್ಟ. “ಮೊದ್ಲು ಆ ಗೊಬ್ಬರ ಕರಗ್ಲಿ ಹೋಗೋ,” ಎಂದ, ಮುಖ ನೋಡದೆ.

“ಇದಕ್ಕೆ ಬೀಗ ಇಲ್ಲ ತಾನೇ?” ಎಂದರು ಗಂಗಮ್ಮ.

ಇಲ್ಲ ಎಂದುಬಿಡಬಹುದಿತ್ತು. “ಒಂದದೆ ಗಂಗಮ್ಮ,” ಎಂದೆ. ನನ್ನ ಬೋರ್ಡಿನಲ್ಲೂ ಮೊದಲು ಏಳುವುದು ಚಿಪ್ ಮಾಡಿದವರ ಮುಚ್ಚಿದ ಫೈಲು. ಅದು ನನ್ನ ಪ್ರೋಗ್ರಾಂ ಅನ್ನು ತಡೆಯುವುದಿಲ್ಲ. ಆದರೆ ಅದರೊಳಗೆ ಏನಿದೆ ಎಂದು ಕೇಳಿ ಬರೆದರೆ ಅವರಿಂದ ಉತ್ತರವಿಲ್ಲ. ಈ ಬೆಲೆಯ ಬೋರ್ಡುಗಳಲ್ಲಿ ನನಗೆ ಸಿಕ್ಕಿದ್ದೆಲ್ಲ ಹೀಗೆಯೇ.

“ಕಳ್ಳನ್ನ ಹೆಸರು ಹೇಳಿ ಕೂರಿಸ್ತಿದ್ದೀಯ!” ಎಂದು ನಕ್ಕರು. “ಆಗ್ಲಿ, ಗೊತ್ತಿದ್ರೆ ಕಣ್ಣಿಟ್ಟಿರಬೋದು.”

ಪ್ರೋಗ್ರಾಂನ ಪ್ರತಿಯನ್ನು ಎರಡೂ ಮನೆಗೆ ಕೊಟ್ಟೆ. ನಾನು ಬೇಡವಾದರೆ ತಿದ್ದಲು ಬೇರೆ ಯಾರನ್ನಾದರೂ ಕರೆಯಬಹುದು. ಗಿರಾಕಿಯನ್ನು ಕಟ್ಟಿಹಾಕಿ ಉಳಿಸಿಕೊಳ್ಳುವವನು ಕೆಲಸಗಾರನಲ್ಲ, ಕಾವಲುಗಾರ. ಈ ಕಸುಬು ನನಗೆ ಕಲಿಸಿದ್ದು ಇಷ್ಟು: ಯಂತ್ರ ಜನರ ಪದ್ಧತಿಗೆ ಬಗ್ಗಬೇಕು. ಬಗ್ಗಿಸುವ ಹಕ್ಕು ಅದನ್ನು ಕೊಂಡವರದು. ಪೂರ್ತಿ ತೆರೆಯಲಾಗದಿದ್ದರೆ, ಎಲ್ಲಿ ಮುಚ್ಚಿದೆ ಎಂದಾದರೂ ಹೇಳಬೇಕು.

ತಿಂಗಳೊಳಗೆ ಕಂಪನಿ ನನ್ನನ್ನು ತೆಗೆದುಹಾಕಿತು. ಇಂದು ನನಗಿರುವುದು: ಒಂದು ಅಂಗಡಿ, ಎರಡು ವೈಂಡಿಂಗ್ ಯಂತ್ರ, ಹನ್ನೊಂದು ಹೊಲಗಳಲ್ಲಿ ಓಡುವ ನನ್ನ ಪ್ರೋಗ್ರಾಂ, ಇನ್ನೂ ಓದಲು ಬಿಡದ ಒಂದು ಫೈಲು. ಏಜೆನ್ಸಿ ಒಂದೂ ಇಲ್ಲ.